ಸರ್ ನುಂಗಿದ ಎರಡನೆಯ ವಾಕ್ಯ

ಸರ್ ತೀರಿಕೊಂಡು ವಾರ ಕಳೆದಿರಲಿಲ್ಲ, ಡೊಂಬಿವಲಿಯ ಕನ್ನಡ ಸಂಘವೊಂದರಿಂದ ಫೋನ್ ಬಂತು. ಅವರ ನೆನಪಿಗೆ ಒಂದು ಪುಸ್ತಿಕೆ ತರುತ್ತಾರಂತೆ.

"ನೀವು ಅವರ ಡಿಪಾರ್ಟ್‌ಮೆಂಟಿನಲ್ಲೇ ಇದ್ದವರಲ್ವಾ ಮೇಡಂ? ಎರಡು ಪುಟ ಬರೆದುಕೊಡಿ. ಒಳ್ಳೊಳ್ಳೆ ನೆನಪು ಇರ್ಲಿ" ಎಂದರು.

ಬರೆಯಲು ಕೂತರೆ ನಿಜಕ್ಕೂ ಒಳ್ಳೆಯ ನೆನಪುಗಳೇ ಮೊದಲು ಬಂದವು. ಹೇಸಿಗೆ ಇನ್ನೂ ಹೆಚ್ಚಾದದ್ದು ಅದರಿಂದಲೇ. ಕೆಟ್ಟ ಮೇಷ್ಟರೊಬ್ಬರು ಕೆಟ್ಟ ಕೆಲಸ ಮಾಡಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ. ಇವರು ನಾನು ಕಂಡ ಅತ್ಯುತ್ತಮ ಮೇಷ್ಟರು. ಆ ಎರಡು ಪುಟ ನನ್ನಿಂದ ಆಗಲಿಲ್ಲ. ಪುಸ್ತಿಕೆಗೆ ಹೋಗಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಆ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಉಪನ್ಯಾಸಕಿಯಾಗಿ ಸೇರಿದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಸರ್ ಆಗಲೇ ಹಿರಿಯರು. ಕುಂದಾಪುರದ ಕಡೆಯವರು, ಕಡ್ಡಿಯಂಥ ಮೈ, ಉದ್ದ ಕತ್ತು, ಯಾವಾಗಲೂ ತೋಳು ಮಡಚಿದ ತಿಳಿನೀಲಿ ಅಂಗಿ. ಚಾಕ್‌ಪೀಸುಗಳನ್ನು ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ತರುತ್ತಿದ್ದರು. ಬರೆದ ಕೈಯನ್ನು ಪ್ಯಾಂಟಿನ ಹಿಂಭಾಗಕ್ಕೆ ಒರೆಸಿಕೊಳ್ಳುವ ಅಭ್ಯಾಸ. ಹಾಗಾಗಿ ಪಾಠ ಮುಗಿಸಿ ಹೊರಟವರ ಬೆನ್ನ ಕೆಳಗೆ ಎರಡು ಬಿಳಿ ಅಂಗೈಗಳು ಅಂಟಿಕೊಂಡಿರುತ್ತಿದ್ದವು. ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಸರ್‌ಗೆ ಅದು ಗೊತ್ತಿತ್ತು, ಆದರೂ ಒರೆಸುವುದನ್ನು ಬಿಡಲಿಲ್ಲ.

ಅವರ ಅಣ್ಣತಮ್ಮಂದಿರು, ಭಾವಂದಿರು ಎಲ್ಲ ಠಾಣೆಯಿಂದ ಕಲ್ಯಾಣದವರೆಗೆ ಹೋಟೆಲು ಇಟ್ಟವರು. ಓದಿದವರು ಇವರೊಬ್ಬರೇ. ಮದುವೆ ಮುಂಜಿಗಳಲ್ಲಿ ಅವರನ್ನು "ನಮ್ಮ ಕಪ್ಪೆ ಕೊಯ್ಯುವ ಮೇಷ್ಟ್ರು" ಎಂದು ಪರಿಚಯಿಸುತ್ತಿದ್ದರಂತೆ. ಒಮ್ಮೆ ಸ್ಟಾಫ್‌ರೂಮಿನಲ್ಲಿ ಅವರೇ ಇದನ್ನು ಹೇಳಿ ನಕ್ಕಿದ್ದರು. ಆ ನಗು ಬಾಯಿಯದು ಮಾತ್ರ ಎಂದು ಆಗ ನಾನು ಗಮನಿಸಲಿಲ್ಲ.

ಅವರ ಪಾಠ ಹೇಗಿರುತ್ತಿತ್ತು ಎನ್ನುವುದಕ್ಕೆ ಒಂದು ದಿನದ ಕತೆ ಸಾಕು. ಜೀವಕೋಶಗಳ ಸಾವಿನ ಅಧ್ಯಾಯ. ಸರ್ ಕಲ್ಯಾಣದ ಮಾರ್ಕೆಟ್ಟಿನಿಂದ ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ತಂದರು. ಅದರ ಮೂಲೆಯಿಂದ ಕೆಂಪು ನೀರು ಜಿನುಗುತ್ತಿತ್ತು. ಮೇಜಿನ ಮೇಲೆ ಬಿಚ್ಚಿದರೆ ಎರಡು ಕೋಳಿಕಾಲು, ಎರಡು ಬಾತುಕೋಳಿ ಕಾಲು. ಮುಂದಿನ ಬೆಂಚಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ಕೋಳಿಯ ಬೆರಳು ಬೇರೆ ಬೇರೆ ಉಂಟು. ಬಾತಿನ ಬೆರಳುಗಳ ನಡುವೆ ಚರ್ಮ ಉಂಟು. ಯಾಕೆ?" ಎಂದರು.

ಉತ್ತರಕ್ಕೆ ಕಾಯದೆ ಕೋಳಿಕಾಲೊಂದನ್ನು ಎತ್ತಿ ಹಿಡಿದರು.

"ಮೊಟ್ಟೆಯೊಳಗೆ ಕೋಳಿಗೂ ಆ ಚರ್ಮ ಇತ್ತು ಮಾರಾಯ್ರೆ. ಅದರ ಜೀವಕೋಶಗಳು ಹೊತ್ತು ಬಂದಾಗ ತಾವಾಗಿಯೇ ಸತ್ತವು. ಗಲಾಟೆ ಇಲ್ಲ, ಕೀವಿಲ್ಲ, ಬಾವಿಲ್ಲ. ಸಣ್ಣ ಸಣ್ಣ ತುಂಡಾಗಿ, ಒಂದೊಂದನ್ನೂ ಪೊಟ್ಟಣ ಕಟ್ಟಿ, ಪಕ್ಕದವರು ತಿಂದು ಮುಗಿಸುವ ಹಾಗೆ ಇಟ್ಟು ಹೋದವು. ಇದಕ್ಕೆ ಅಪೊಪ್ಟೋಸಿಸ್ ಅಂತ ಹೆಸರು. ನಿಮ್ಮ ಕೈ ಎತ್ತಿ. ಬೆರಳು ಬಿಡಿಸಿ. ಆ ನಡುವಿನ ಜಾಗ ಕಾಣ್ತದಲ್ಲ? ಅಲ್ಲಿ ಇದ್ದವರು ಸತ್ತದ್ದಕ್ಕೇ ನೀವು ಪೆನ್ನು ಹಿಡೀತೀರಿ."

ಇಡೀ ತರಗತಿ ಕೈ ಎತ್ತಿ ಬೆರಳುಗಳ ಸಂದಿನಿಂದ ಬೆಳಕು ನೋಡುತ್ತಿತ್ತು. ಅವರ ಪಾಠ ಕೇಳಲೆಂದೇ ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನೂ ಎತ್ತಿದ್ದೆ.

ಆಮೇಲೆ ಆಟೋಫಜಿ. ಜೀವಕೋಶ ತನ್ನನ್ನೇ ತಿನ್ನುವುದು. "ಇದು ಸಾಯಲಿಕ್ಕೆ ಅಲ್ಲ, ಬದುಕಲಿಕ್ಕೆ" ಎನ್ನುತ್ತಿದ್ದರು. "ಸಂಪಾದನೆ ನಿಂತ ಮನೆಯಲ್ಲಿ ಮುರಿದ ಕುರ್ಚಿ, ಹಳೆ ಪೆಟ್ಟಿಗೆ ಒಡೆದು ಒಲೆಗೆ ಹಾಕಿ ಗಂಜಿ ಬೇಯಿಸಿದ ಹಾಗೆ. ಮನೆಯೂ ಚೊಕ್ಕ ಆಗ್ತದೆ, ಹೊಟ್ಟೆಯೂ ತುಂಬ್ತದೆ." ಇಷ್ಟು ಹೇಳಿ, ಬೆರಳೆತ್ತಿ, ತಪ್ಪದೆ ಎರಡನೆಯ ವಾಕ್ಯ ಸೇರಿಸುತ್ತಿದ್ದರು: "ಆದರೆ ಒಲೆ ಆರಬಾರದು ಅಂತ ಕಂಬಕ್ಕೂ ಕೊಡಲಿ ಹಾಕಿದಿರೋ, ಮನೆಯೇ ನಿಮ್ಮ ತಲೆ ಮೇಲೆ ಬೀಳ್ತದೆ." ಪರೀಕ್ಷೆಯಲ್ಲಿ ಈ ಎರಡನೆಯ ಮಾತನ್ನು ಬಿಟ್ಟು ಬರೆದವರಿಗೆ ಸೊನ್ನೆ ಹಾಕುತ್ತಿದ್ದರು. ಅರ್ಧ ಅಂಕವೂ ಇಲ್ಲ. ಹುಡುಗರು ಅತ್ತರೂ ಕೊಡುತ್ತಿರಲಿಲ್ಲ.

ಮೂರನೆಯದು ನೆಕ್ರೋಸಿಸ್, ಕೊಳೆಯುವ ಸಾವು. ಪೆಟ್ಟು ಬಿದ್ದೋ ರಕ್ತ ನಿಂತೋ ಜೀವಕೋಶ ಊದಿ ಒಡೆದು, ಒಳಗಿನದ್ದೆಲ್ಲ ಚೆಲ್ಲಿ, ಸುತ್ತಲಿನವರನ್ನೂ ಹಾಳುಮಾಡುವುದು. ಅದನ್ನು ಅವರು ಎರಡೇ ನಿಮಿಷದಲ್ಲಿ ಮುಗಿಸುತ್ತಿದ್ದರು. ಅಂದವಿಲ್ಲದ ಸಾವು ಅವರಿಗೆ ಹಿಡಿಸುತ್ತಿರಲಿಲ್ಲ.

ಅಂದು ಪಾಠ ಮುಗಿದ ಮೇಲೆ ಮೇಜು ತೊಳೆದವಳು ಮಹಾದೇವಿ. ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದಿಡುವ ಕೆಲಸದವಳು. ಕಲಬುರಗಿ ಕಡೆಯವಳು, ವಿಠ್ಠಲವಾಡಿಯ ಚಾಳಿನಲ್ಲಿ ಮನೆ, ಗಂಡ ವಾಶಿಯ ಸಗಟು ಮಾರ್ಕೆಟ್ಟಿನಲ್ಲಿ ಹಮಾಲಿ. ನನ್ನ ತಂದೆತಾಯಿ ವಿಜಯಪುರದವರು. ಡೊಂಬಿವಲಿಯಲ್ಲೇ ಹುಟ್ಟಿದರೂ ನನಗೆ ಆ ಮಾತು ಬರುತ್ತಿತ್ತು. ಅದಕ್ಕೇ ಅವಳಿಗೆ ನಾನೆಂದರೆ ಸಲಿಗೆ.

"ಈ ಸಾಹೇಬರ ಮಾತು ನಂಗ ಒಂದೂ ತಿಳಿಯಂಗಿಲ್ಲ ನೋಡ್ರಿ ಅಕ್ಕೋರೆ. ಕನ್ನಡಾನ ಮಾತಾಡ್ತಾರ, ಖರೆ, ಆದ್ರ ಬ್ಯಾರೆ ದೇಶದ ಕನ್ನಡ" ಎಂದು ನಗುತ್ತಾ ರಕ್ತ ಒರೆಸಿದಳು. ಮಹಾದೇವಿಗೆ ಮೂವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆ ಬಂದಿತ್ತು. ದಿನಾ ಊಟಕ್ಕೆ ಮುಂಚೆ ಸ್ಟೋರ್‌ರೂಮಿನ ಬಾಗಿಲು ಮುಚ್ಚಿಕೊಂಡು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು.

ವರ್ಷ ಕಳೆದಂತೆ ವಿಭಾಗ ಬರಿದಾಯಿತು. ಹುಡುಗರು ಕಾಲೇಜಿಗೆ ಹೆಸರು ಹಚ್ಚಿ ಕೋಚಿಂಗ್ ಕ್ಲಾಸಿಗೆ ಹೋಗುತ್ತಿದ್ದರು. ಸರ್ ಏಳು ಜನರಿಗೆ, ಕೆಲವು ದಿನ ಮೂವರಿಗೆ ಪಾಠ ಮಾಡುತ್ತಿದ್ದರು. ಎಪ್ಪತ್ತು ಜನರಿಗೆ ಮಾಡಿದಷ್ಟೇ ದೊಡ್ಡ ದನಿಯಲ್ಲಿ. ಕಾರಿಡಾರಿನಲ್ಲಿ ಹೋಗುವಾಗ ಖಾಲಿ ಬೆಂಚುಗಳಿಗೆ ಬಡಿದು ವಾಪಸು ಬರುವ ಆ ದನಿ ಕೇಳಿ ನನಗೆ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ಅಕ್ಟೋಬರಿನಲ್ಲಿ ಆಟೋಫಜಿಯ ಕೆಲಸಕ್ಕೆ ಜಪಾನಿನ ವಿಜ್ಞಾನಿಯೊಬ್ಬರಿಗೆ ನೊಬೆಲ್ ಬಂತು. ಸರ್ ಸ್ಟಾಫ್‌ರೂಮಿಗೆಲ್ಲ ಪೇಢೆ ಹಂಚಿದರು. ತಮಗೇ ಬಂದ ಹಾಗೆ ಕೆನ್ನೆ ಕೆಂಪಾಗಿತ್ತು. ಮರುವಾರ ಕನ್ನಡ ಪತ್ರಿಕೆಯೊಂದಕ್ಕೆ ಒಂದು ಲೇಖನ ಬರೆದರು. ಅದು ವಾಟ್ಸಪ್ಪಿನಲ್ಲಿ ಹರಿದಾಡಿತು. ಯಾರೋ ಅದಕ್ಕೆ "ಉಪವಾಸದಿಂದ ಸಕಲ ರೋಗ ನಿವಾರಣೆ" ಎಂಬ ತಲೆಬರಹ ಸೇರಿಸಿದ್ದರು. ಸರ್ ಅದನ್ನು ತಿದ್ದಲಿಲ್ಲ.

ಉಪವಾಸದ ಬಗೆಗಿನ ಅವರ ಮೊದಲ ಉಪನ್ಯಾಸಕ್ಕೆ ಠಾಣೆಯ ಹಾಲ್ ತುಂಬಿ ಜನ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕಪ್ಪೆ ಮೇಷ್ಟ್ರು ಎಂದು ನಗುತ್ತಿದ್ದ ಅಣ್ಣಂದಿರು ಮೊದಲ ಸಾಲಿನಲ್ಲಿ ಶಾಲು ಹಿಡಿದು ಕೂತಿದ್ದರು. ಚಪ್ಪಾಳೆ ಬಿದ್ದಾಗ ಸರ್ ಮುಖ ನಾನು ನೋಡಿದೆ. ಬಹಳ ಹಸಿದವನು ತಟ್ಟೆ ನೋಡಿದ ಹಾಗೆ ಸಭೆಯನ್ನು ನೋಡುತ್ತಿದ್ದರು.

ಆಮೇಲೆ ಶಿಬಿರಗಳು ಶುರುವಾದವು. ಮೊದಲ ದಿನ ಉಪನ್ಯಾಸ, ಆಮೇಲೆ ಅವರವರ ಮನೆಯಲ್ಲೇ ಏಳು ದಿನ ನೀರು, ನಿಂಬೆ, ಉಪ್ಪು. ಅವರ ಬಗ್ಗೆ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು: ಅವರು ಕದ್ದು ತಿನ್ನುವವರಲ್ಲ. ತಾವೂ ಏಳು ದಿನ ಉಪವಾಸ ಮಾಡುತ್ತಿದ್ದರು. ಆದರೆ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ತನ್ನ ಗಟ್ಟಿ ಮೈ ತೋರಿಸಿ ರೋಗಿಗೆ ಉಪದೇಶ ಮಾಡುವುದು ಎಂಥ ಹೊಲಸು ಎಂದು ಅವರಿಗೆ ಅನ್ನಿಸಲೇ ಇಲ್ಲ.

ಮೂರನೆಯ ಶಿಬಿರ ಕಲ್ಯಾಣದಲ್ಲಿ. "ನೀವು ಬನ್ನಿ ಮೇಡಂ, ಸಹಾಯ ಆಗ್ತದೆ" ಎಂದರು. ಹೋದೆ. ಮುಂದೆ ಹೋಟೆಲಿನವರ, ಆಫೀಸಿನವರ ಕುಟುಂಬಗಳು. ಹಿಂದಿನ ಎರಡು ಸಾಲಿನಲ್ಲಿ ಮಹಾದೇವಿ ಮತ್ತು ಅವಳು ಕರೆತಂದ ಅವಳ ಚಾಳಿನ ಹೆಂಗಸರು.

ಸರ್ ಕುರ್ಚಿ, ಪೆಟ್ಟಿಗೆ, ಗಂಜಿಯ ಮಾತು ಹೇಳಿದರು. ಬೆರಳೆತ್ತಿದರು. ನಾನು ಎರಡನೆಯ ವಾಕ್ಯಕ್ಕೆ ಕಾದೆ. ಅದು ಬರಲಿಲ್ಲ. ಎತ್ತಿದ ಬೆರಳನ್ನು ಸಭೆಯ ಕಡೆ ತಿರುಗಿಸಿ, "ನಿಮ್ಮೊಳಗೇ ವೈದ್ಯ ಇದ್ದಾನೆ" ಎಂದರು. ಚಪ್ಪಾಳೆ ಬಿತ್ತು.

ಒಬ್ಬರು ಎದ್ದು ಕೇಳಿದರು: "ಸರ್, ಶುಗರಿಗೆ ಇನ್ಸುಲಿನ್ ತಗೊಳ್ತೇನೆ. ಶಿಬಿರದಲ್ಲಿ ಅದು ಬೇಕಾ?"

"ನಾನು ಡಾಕ್ಟರ್ ಅಲ್ಲ. ಬಿಡಿ ಅಂತ ನಾನು ಹೇಳುವುದಿಲ್ಲ" ಎಂದು ಸರ್ ನಕ್ಕರು. "ಆದರೆ ಖಾಲಿ ಹೊಟ್ಟೆಗೆ ಇನ್ಸುಲಿನ್ ಎಂತಕ್ಕೆ? ನೀವೇ ಯೋಚನೆ ಮಾಡಿ. ಹುಣ್ಣಿದ್ದರೂ ಅಷ್ಟೇ, ಸತ್ತದ್ದನ್ನೆಲ್ಲ ಶರೀರವೇ ತಿಂದು ಚೊಕ್ಕ ಮಾಡ್ತದೆ." ಆಮೇಲೆ ನನ್ನ ಕಡೆ ತಿರುಗಿ ಮೈಕು ಚಾಚಿದರು. "ಮೇಡಂ, ಹಿಂದಿನವರಿಗೆ ಅರ್ಥ ಆದ ಹಾಗೆ ಕಾಣೂದಿಲ್ಲ. ನಿಮ್ಮ ಬದಿಯ ಭಾಷೆಯಲ್ಲಿ ಒಮ್ಮೆ ಹೇಳಿ."

ನಾನು ಮೈಕು ತೆಗೆದುಕೊಂಡೆ. "ನೋಡ್ರಿ ತಾಯಿ, ನಾವು ಉಪಾಸ ಇದ್ವಿ ಅಂದ್ರ ಒಳಗಿನ ಜೀವಕೋಶ ಸುಮ್ಮ ಕೂಡಂಗಿಲ್ಲ. ತನ್ನೊಳಗಿನ ಕಸಾ ಎಲ್ಲಾ ತಾನ ತಿಂದು ಮನಿ ಸ್ವಚ್ಛ ಮಾಡ್ಕೋತದ" ಎಂದು ಶುರುಮಾಡಿದೆ. ಹಿಂದಿನ ಸಾಲುಗಳ ಮುಖ ಅರಳಿತು. ಇನ್ಸುಲಿನ್ನಿನ ಮಾತನ್ನೂ ಅವರು ಹೇಳಿದ ಹಾಗೇ ಹೇಳಿದೆ. ಅದು ತಪ್ಪೆಂದು ನನಗೆ ಗೊತ್ತಿತ್ತು. ನಾನೂ ಅದನ್ನೇ ಪಾಠ ಮಾಡುವವಳು. ಕಂಬಕ್ಕೆ ಕೊಡಲಿ ಹಾಕುವ ಮಾತು ನಾಲಗೆಯ ತುದಿಯಲ್ಲಿತ್ತು. ಸೇರಿಸಿದ್ದರೆ ಹತ್ತು ಸೆಕೆಂಡು ಆಗುತ್ತಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಚಪ್ಪಾಳೆ ಬಂತು. ಹಿತವಾಯಿತು. ಕೂತುಬಿಟ್ಟೆ.

ಉಪವಾಸದ ಐದನೆಯ ದಿನ ಲ್ಯಾಬಿಗೆ ಹೋದರೆ ಅಸಿಟೋನಿನ ಘಾಟು. ಮಹಾದೇವಿ ಬಾಟಲಿ ಚೆಲ್ಲಿದ್ದಾಳೆ ಎಂದುಕೊಂಡು ಸ್ಟೋರ್‌ರೂಮಿನ ಬಾಗಿಲು ತೆರೆದೆ. ಬಾಟಲಿಗಳೆಲ್ಲ ಕಪಾಟಿನಲ್ಲಿ ಸರಿಯಾಗಿದ್ದವು. ಅವಳು ನೆಲದ ಮೇಲೆ ವಾಂತಿಯಲ್ಲಿ ಬಿದ್ದಿದ್ದಳು. ಆ ವಾಸನೆ ಅವಳ ಉಸಿರಿನದು. ಕೊಳೆತ ಹಣ್ಣಿನ ಮೇಲೆ ಉಗುರುಬಣ್ಣ ತೆಗೆಯುವ ದ್ರವ ಸುರಿದ ಹಾಗೆ. ಓಡಿಬಂದವಳ ಹಾಗೆ ಎದೆ ಏರಿಳಿಯುತ್ತಿತ್ತು.

ಇನ್ಸುಲಿನ್ ಇಲ್ಲದಿದ್ದರೆ ರಕ್ತದ ತುಂಬ ಸಕ್ಕರೆ ಇದ್ದರೂ ಅವಳಂಥವರ ಜೀವಕೋಶಕ್ಕೆ ಅದು ದಕ್ಕುವುದಿಲ್ಲ. ದೇಹ ಕೊಬ್ಬನ್ನು ಸುಟ್ಟು ಸುಟ್ಟು ತನ್ನ ರಕ್ತವನ್ನೇ ಹುಳಿ ಮಾಡಿಕೊಳ್ಳುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ, ಮೂಗಿಗೆ ಬಂದದ್ದು ಅಂದೇ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಚಪ್ಪಲಿ ಬಿಚ್ಚಿದಾಗ ಇನ್ನೊಂದು ವಾಸನೆ ಎದ್ದಿತು. ಎಡಗಾಲಿನ ಹೆಬ್ಬೆರಳಿನಲ್ಲಿ ಚಪ್ಪಲಿ ಕಚ್ಚಿ ಆಗಿದ್ದ ಹುಣ್ಣಿಗೆ ಅವಳು ಬಟ್ಟೆ ಸುತ್ತಿದ್ದಳು. ಬಟ್ಟೆ ಬಿಡಿಸಿದರೆ ಬೆರಳು ಕಪ್ಪಾಗಿ, ಪಾದ ಊದಿ, ಹಸಿರುಗಟ್ಟಿದ ಕೀವು.

ಡ್ಯೂಟಿಯಲ್ಲಿದ್ದ ಮರಾಠಿ ಡಾಕ್ಟರಮ್ಮ ಸಿಡುಕಿದರು. "ಇನ್ಸುಲಿನ್ ಬಂದ್ ಕರಾಯ್ಲಾ ಕೋಣೀ ಸಾಂಗಿತ್ಲಂ?" ಇನ್ಸುಲಿನ್ ನಿಲ್ಲಿಸಲು ಹೇಳಿದವರು ಯಾರು?

ಅರೆಗಣ್ಣು ತೆರೆದ ಮಹಾದೇವಿ ನನ್ನ ಕಡೆ ತಲೆ ಹೊರಳಿಸಿದಳು.

"ಮಾಹೀತ್ ನಾಹೀ" ಎಂದೆ. ಗೊತ್ತಿಲ್ಲ.

ಮರುದಿನ ಸಂಜೆ ಸರ್ ಬಂದರು. ಕರವಸ್ತ್ರವನ್ನು ಮೂಗಿಗೆ ಒತ್ತಿಹಿಡಿದು ಮಂಚದ ತುದಿಯಲ್ಲಿ ನಿಂತು ಆ ಪಾದವನ್ನು ನೋಡಿದರು. ಮಹಾದೇವಿಯ ಮುಖವನ್ನಲ್ಲ, ಪಾದವನ್ನು. ಆಮೇಲೆ ಮೆಲ್ಲಗೆ, ಹುಡುಗರಿಗೆ ಹೇಳುವ ದನಿಯಲ್ಲಿ, "ಇದು ನೆಕ್ರೋಸಿಸ್" ಎಂದರು.

ಉತ್ತರ ಸರಿಯಾಗಿತ್ತು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಹುಟ್ಟಿದ ಅಸಹ್ಯ ಆ ಕೀವು ಕಂಡಾಗಲೂ ಹುಟ್ಟಿರಲಿಲ್ಲ.

ಕಾರಿಡಾರಿಗೆ ಕರೆದು, "ಮೇಡಂ, ಶಿಬಿರದ ವಿಷಯ ಇಲ್ಲಿ ಎತ್ತಬೇಡಿ. ನಾನು ಬಿಡಿ ಅಂತ ಹೇಳಲಿಲ್ಲ, ನಿಮಗೇ ಗೊತ್ತುಂಟಲ್ಲ" ಎಂದರು.

"ಸರ್, ನೀವು ಎರಡನೇ ವಾಕ್ಯ ಯಾಕೆ ಬಿಟ್ಟಿರಿ?"

ಅವರಿಗೆ ತಕ್ಷಣ ಅರ್ಥವಾಯಿತು. ಯಾವ ವಾಕ್ಯ ಎಂದು ಕೇಳಲಿಲ್ಲ.

"ಇಪ್ಪತ್ತಾರು ವರ್ಷ ಎರಡೂ ವಾಕ್ಯ ಹೇಳಿದೆ" ಎಂದರು. "ಯಾರು ಕೇಳಿದ್ರು? ಬೆಂಚು ಕೇಳಿತು. ಈಗ ಒಂದೇ ಹೇಳ್ತೇನೆ, ಸಾವಿರ ಜನ ಕೇಳ್ತಾರೆ. ಎರಡನೆಯದು ಹೇಳಿದರೆ ಅವರು ಎದ್ದು ಹೋಗ್ತಾರೆ ಮಾರಾಯ್ರೆ."

"ಅವಳ ಕಾಲು ಹೋಗ್ತಿದೆ ಸರ್."

"ನನಗೂ ಬೇಜಾರುಂಟು" ಎಂದು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು. ಅವರು ಮೆಟ್ಟಿಲಿಳಿಯುವಾಗ ನಾನು ಅವರ ಬೆನ್ನು ನೋಡಿದೆ. ಪ್ಯಾಂಟು ಸ್ವಚ್ಛವಾಗಿತ್ತು. ಚಾಕ್ ಮುಟ್ಟಿ ಎಷ್ಟು ದಿನವಾಗಿತ್ತೋ.

ಮಹಾದೇವಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯಿತು, ಕಾಲೇಜಿನ ಕೆಲಸ ಹೋಯಿತು. ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ ಶಿಬಿರದ ಕತೆ ಹೇಳಿದೆ. "ಕಾಲೇಜಿನ ಹೊರಗೆ ಅವರು ಏನು ಮಾಡಿದರೂ ನಮಗೆ ಸಂಬಂಧ ಇಲ್ಲ" ಎಂದರು. ಸರ್ ಮರುವರ್ಷ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎಲ್ಲರೂ ಹೊಗಳಿದರು. ನಾನು ತಲೆನೋವೆಂದು ಮನೆಯಲ್ಲೇ ಉಳಿದೆ. ಅವರ ಎದುರು ಮಾತಾಡುವ ಧೈರ್ಯ ಆಗಲೂ ಇರಲಿಲ್ಲ.

ಧೈರ್ಯ ಬಂದದ್ದು ಆಮೇಲೆ, ವಾಶಿಯಲ್ಲಿ ಅವರು ನಡೆಸಿದ ಇನ್ನೊಂದು ಶಿಬಿರದಲ್ಲಿ. ದೊಡ್ಡ ಹಾಲ್, ಏಸಿ, ಪರದೆಯ ಮೇಲೆ ಬಣ್ಣಬಣ್ಣದ ಜೀವಕೋಶಗಳು. ನಾನು ಕೊನೆಯ ಸಾಲಿನಲ್ಲಿ ಕೂತೆ. ಸರ್ ನನ್ನನ್ನು ಗುರುತಿಸಿ, "ನನ್ನ ಸಹೋದ್ಯೋಗಿ ಇಲ್ಲೇ ಇದ್ದಾರೆ, ಅವರೂ ಪ್ರಾಣಿಶಾಸ್ತ್ರದವರು" ಎಂದು ಸಭೆಗೆ ತೋರಿಸಿದರು. ನಾನು ಎದ್ದು ನಿಂತೆ.

"ಸರ್ ಹೇಳದೆ ಬಿಟ್ಟ ಒಂದು ಮಾತಿದೆ" ಎಂದೆ. ಕಂಬಕ್ಕೆ ಕೊಡಲಿಯ ಮಾತು ಹೇಳಿದೆ. ಮಹಾದೇವಿಯ ಕಾಲಿನ ಮಾತನ್ನೂ ಹೇಳಿದೆ. "ಅವತ್ತು ಮೈಕ್ ಹಿಡಿದು ಅವಳಿಗೆ ತಪ್ಪು ಹೇಳಿದವಳು ನಾನೇ" ಎನ್ನುವಷ್ಟರಲ್ಲಿ ಗದ್ದಲ ಎದ್ದಿತು. "ಕೂರಿಸ್ರಿ ಅವರನ್ನು", "ಬೈಠೋ ಮೇಡಂ, ಟೈಮ್ ಖರಾಬ್ ಮತ್ ಕರೋ" ಎಂದು ಎಲ್ಲ ಕಡೆಯಿಂದ.

ಸರ್ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಮೇಡಂಗೆ ಸ್ವಲ್ಪ ಹುಷಾರಿಲ್ಲ. ನೀರು ಕೊಡಿ" ಎಂದರು, ಬಹಳ ಮೃದುವಾಗಿ. ಆ ಮೃದುತನ ನನ್ನ ಮೈಮೇಲೆ ಜೊಲ್ಲಿನ ಹಾಗೆ ಇಳಿಯಿತು. ಹೊರಗೆ ಬಂದೆ.

ಸ್ಟೇಷನ್ನಿನ ದಾರಿಯಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಓಡಿಬಂದರು. ಮಂಗಳೂರು ಕಡೆಯ ಮಾತು. "ನಮ್ಮ ಮನೆಯವರು ದಿನಕ್ಕೆ ಮೂರು ಸಲ ಇನ್ಸುಲಿನ್ ತಗೊಳ್ಳೂದು. ನಾಳೆಯಿಂದ ಬಿಡೂದು ಅಂತ ಕೂತಿದ್ದಾರೆ. ಬಿಡಬಾರದಾ?"

"ಒಂದು ದಿನವೂ ಬಿಡಬಾರದು. ಮೊದಲು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ."

ಅವರು ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ, ವಾಪಸು ಹಾಲ್ ಕಡೆ ಬೇಗ ಬೇಗ ನಡೆದರು. ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ.

ಸರ್ ಸತ್ತದ್ದು ನಿದ್ದೆಯಲ್ಲಿ. ಹೃದಯ ನಿಂತಿತಂತೆ. ನರಳಲಿಲ್ಲ, ಆಸ್ಪತ್ರೆಗೆ ಒಯ್ಯುವ ಗಲಾಟೆ ಇರಲಿಲ್ಲ. ಅವರಿಗೆ ಇಷ್ಟವಾಗುವಂಥ ಚೊಕ್ಕ ಸಾವು. ಕೇಳಿದಾಗ ನನಗೆ ದುಃಖ ಬರಲಿಲ್ಲ. ಇಷ್ಟು ಸುಲಭವಾಗಿ ಸಿಕ್ಕಿತಲ್ಲ ಎಂದು ಅವರ ಮೇಲೆ ಅಸಹ್ಯ ಹುಟ್ಟಿತು. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೂ.

ಎರಡು ದಿನದ ನಂತರ ವಿಠ್ಠಲವಾಡಿಗೆ ಹೋದೆ. ಮಹಾದೇವಿಯ ಮನೆ ಒಂದೇ ಕೋಣೆ. ಉಲ್ಲಾಸನಗರದ ಕಾರ್ಖಾನೆಯಿಂದ ಬಂದ ಜೀನ್ಸ್ ಪ್ಯಾಂಟುಗಳ ರಾಶಿಯ ನಡುವೆ ಕೂತು ಉಳಿದ ದಾರಗಳನ್ನು ಕತ್ತರಿಸುತ್ತಿದ್ದಳು. ಊರುಗೋಲು ಗೋಡೆಗೆ ಒರಗಿತ್ತು. ನನ್ನನ್ನು ಕಂಡು ಮುಖ ಅರಳಿಸಿ, ಕೂತಲ್ಲಿಂದಲೇ ಸ್ಟೋವ್ ಹಚ್ಚಿ ಚಹಾಕ್ಕಿಟ್ಟಳು.

"ಸರ್ ಹೋದ್ರು" ಎಂದೆ.

"ಹೌದೇನ್ರಿ? ಪಾಪ. ಆಸ್ಪತ್ರಿಗಿ ನೋಡಾಕ ಬಂದಿದ್ರು" ಎಂದಳು. "ನನ್ನ ಹಣೇದಾಗ ಬರ್ದಿತ್ತು, ಹೋತು. ಅವ್ರೇನ್ ಮಾಡ್ತಾರ?"

ಹಾಗೇ ಎದ್ದು ಬರಬಹುದಿತ್ತು. ಅವಳ ಕ್ಷಮೆ ಸರ್‌ಗೆ ಸಿಕ್ಕ ಹಾಗೆ ನನಗೂ ಪುಕ್ಕಟೆ ಸಿಗುತ್ತಿತ್ತು. ಅದು ಬೇಡವೆನಿಸಿತು.

"ಮಹಾದೇವಿ, ಅವರು ಹೇಳಿದ್ದು ತಪ್ಪು ಅಂತ ನಂಗ ಅವತ್ತ ಗೊತ್ತಿತ್ತು. ಗೊತ್ತಿದ್ದೂ ನಿಮಗ ಹೇಳಿದೆ. ಆಸ್ಪತ್ರಿಯೊಳಗ ಡಾಕ್ಟರ್ ಕೇಳಿದಾಗೂ ಸುಳ್ಳ ಹೇಳಿದೆ."

ಅವಳ ಕತ್ತರಿ ನಿಂತಿತು.

"ಅವರ ಮಾತು ನಂಗ ಎಂದ್ ತಿಳದದ ಅಕ್ಕೋರೆ?" ಎಂದಳು. "ನಾ ಕೇಳಿದ್ದು ನಿಮ್ಮ ಮಾತು."

ಚಹಾ ಉಕ್ಕಿತು. ಸ್ಟೋವ್ ಆರಿಸಿ ಎರಡು ಕಪ್ಪಿಗೆ ಸೋಸಿದಳು. ನನ್ನ ಕಪ್ಪನ್ನು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು, ಬೆರಳ ತುದಿಯಿಂದ ನನ್ನ ಕಡೆ ತಳ್ಳಿದಳು.

"ಕುಡದು ಹೋಗ್ರಿ" ಎಂದು ಕತ್ತರಿ ಎತ್ತಿಕೊಂಡಳು.